ಹಳೇ ಇಸವಿಯ ಡೈರಿ

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ
ಹಳೇ ಇಸವಿಯ ಡೈರಿ, ಇಪ್ಪತ್ತು ರೂಪಾಯಿ.
ಬೆನ್ನ ಮೇಲೆ ಯಾವುದೋ ಸಿಮೆಂಟ್ ಕಂಪನಿಯ ಹೆಸರು,
ಒಳಗೆ ಒಂದು ಗೀಟೂ ಇಲ್ಲ.
ಅದರ ಸೋಮವಾರ ನನ್ನ ಗುರುವಾರ.
ಆಗಲಿ ಬಿಡು, ಡಿಪೊದವರು ಹೇಳಿದಾಗ
ಭಾನುವಾರ ಬರುವ ಬಾಳು ನನ್ನದು.

ಬರೆಯುವುದು ಟ್ರಿಪ್ಪಿನ ಕೊನೆಗೆ, ಬನಶಂಕರಿಯಲ್ಲಿ,
ಡ್ರೈವರ್ ಮುನಿನಾರಾಯಣಪ್ಪನವರು ಟೀ ಕುಡಿದು
ನಾಲ್ಕೂ ಟೈರಿಗೆ ಒದ್ದು ನೋಡುವಷ್ಟರಲ್ಲಿ.
ಮುಗಿಯದಿದ್ದರೆ ಓಡುವ ಬಸ್ಸಿನಲ್ಲೇ,
ಕಂಬಕ್ಕೆ ಸೊಂಟ ಆನಿಸಿ,
ಚಿಲ್ಲರೆ ಚೀಲವೇ ಮೇಜು.

ಅದಕ್ಕೇ ನನ್ನ ಅಕ್ಷರ ನೆಟ್ಟಗೆ ನಿಂತದ್ದಿಲ್ಲ.
ಈ ದೀರ್ಘ ಇದೆಯಲ್ಲ, ಪುಟದಂಚಿನವರೆಗೂ ಎಳೆದದ್ದು,
ಅದು ಮೇಖ್ರಿ ಸರ್ಕಲ್ಲಿನ ತಿರುವು.
ಇಲ್ಲೊಂದು ಒತ್ತಕ್ಷರ ಕೆಳಗಿನ ಸಾಲಿಗೆ ಬಿದ್ದಿದೆ.
ಅಲ್ಲಿ ಗುಂಡಿ ಇತ್ತು. ಈಗ ಮುಚ್ಚಿದ್ದಾರೆ,
ನನ್ನ ಪುಟದಲ್ಲಿ ಮುಚ್ಚಿಲ್ಲ.
ಅಕ್ಷರ ದುಂಡಗೆ ಬಂದಿದೆಯೆಂದರೆ
ಅವತ್ತು ಅರ್ಧ ಗಂಟೆ ಜಾಮ್.
ಜನ ಸರ್ಕಾರವನ್ನು ಬೈದರು,
ನಾನು ಎರಡು ಪುಟ ಬರೆದೆ.

'ಏನ್ರೀ ಅದು, ಕಲೆಕ್ಷನ್ ಲೆಕ್ಕವಾ?'
ಒಬ್ಬ ಬಗ್ಗಿ ನೋಡಿ ಕೇಳಿದ.
ಹೂಂ ಅಂದೆ. ಸುಳ್ಳೇನಲ್ಲ.
ರಾತ್ರಿ ಮೆಷಿನ್ನು ಚೀಟಿ ಉಗುಳುತ್ತದೆ:
ಟಿಕೆಟ್ಟು ಇಷ್ಟು, ಪಾಸು ಇಷ್ಟು, ಮೊತ್ತ ಇಷ್ಟು.
ಕಿಟಕಿಗೆ ಕೆನ್ನೆಯೊತ್ತಿ ಅಳುತ್ತಿದ್ದ ಹುಡುಗ
ಎಲ್ಲಿ ಇಳಿದನೆಂದು ಅದಕ್ಕೆ ಗೊತ್ತಿಲ್ಲ.
ಮೀನಿನ ಬುಟ್ಟಿಗೂ ಸೀಟು ಕೊಡಿಸು ಎಂದು
ಹೆಬ್ಬಾಳದಲ್ಲಿ ಹತ್ತಿದವಳ ಜಗಳ,
ಆಮೇಲೆ ಅವಳೇ ಕೈಗಿಟ್ಟ ಮಲ್ಲಿಗೆ,
ಅವೆಲ್ಲ ನನ್ನ ಲೆಕ್ಕದಲ್ಲಿ ಜಮೆ.

ಫಿಲೋಮಿನಾ ರಿಟೈರಾಗಿ ಬೇಗೂರಿನಲ್ಲಿದ್ದಾಳೆ.
ಫೋನು ಇಬ್ಬರ ಹತ್ತಿರವೂ ಇದೆ,
ಗ್ಯಾಸ್ ಬಂತಾ, ಪಿಎಫ್ ಬಂತಾ, ಅಷ್ಟಕ್ಕೆ.
ಮಿಕ್ಕದ್ದಕ್ಕೆಲ್ಲ ಇನ್‌ಲ್ಯಾಂಡು.
ಬಸ್ಸಿಗೆ ಎರಡು ಗಂಟೆಯ ದಾರಿ,
ಕಾಗದಕ್ಕೆ ನಾಲ್ಕು ದಿನ.
ಒಮ್ಮೊಮ್ಮೆ ಅನ್ನಿಸುತ್ತದೆ, ನಾನೇ ಡಬ್ಬಕ್ಕೆ ಹಾಕಿದ್ದು
ಯಾರದೋ ಚೀಲದಲ್ಲಿ ಕೂತು
ನನ್ನ ಬಸ್ಸಿನಲ್ಲೇ ಟಿಕೆಟ್ಟಿಲ್ಲದೆ ಹೋಗಿರಬಹುದು.

ಅವಳಿಗೆ ಅಕಾರ ಹಕಾರ ಎರಡೂ ಒಂದೇ.
'ಹಕ್ಕಿ ತೊಳೆದು ನೆನೆ ಹಾಕಿದ್ದೀನಿ,
ಭಾನುವಾರ ದೋಸೆಗೆ ಬಾ.
ಅಲ್ಲು ಕೀಳಿಸಿದೆ, ಮಾತಾಡಕ್ಕೆ ಆಗಲ್ಲ,
ನೀನೇ ಮಾತಾಡು.'
ಫೋನಾದರೆ ತಾನೇ ತಿದ್ದಿಬಿಡುತ್ತದೆ,
ತಿದ್ದಿದ ಮೇಲೆ ಅದು ಅವಳಲ್ಲ.

ಗಂಡ ತೀರಿಕೊಂಡ ವಾರದ ಕಾಗದದಲ್ಲಿ ಮಾತ್ರ
ಒಂದೂ ತಪ್ಪಿರಲಿಲ್ಲ.
ಐದೇ ಸಾಲು. ಒಂದೊಂದು ಅಕ್ಷರವನ್ನೂ
ಎತ್ತಿ ಇಟ್ಟ ಹಾಗೆ.
ಪೆನ್ನು ಎಷ್ಟು ಒತ್ತಿದ್ದಳೆಂದರೆ
ಹಿಂದುಗಡೆ ಬೆರಳಾಡಿಸಿದರೆ ಉಬ್ಬು ತಗುಲುತ್ತಿತ್ತು.
ಅದನ್ನು ಓದಿ ಮುಗಿಸಿದ ಮೇಲೂ
ಬಹಳ ಹೊತ್ತು ಸವರುತ್ತಾ ಕೂತಿದ್ದೆ.
ಎರಡು ತಿಂಗಳಾದ ಮೇಲೆ ಬಂದ ಕಾಗದದಲ್ಲಿ
ಮತ್ತೆ ಹಕ್ಕಿ ನೆನೆ ಹಾಕಿದ್ದಳು.
ಅವತ್ತು ನನಗೆ ನಿದ್ದೆ ಬಂತು.

ಮೊನ್ನೆ ಟ್ರಂಕಿನಿಂದ ಒಂದು ಡೈರಿ ತೆಗೆದೆ.
ಒಂಬತ್ತು ವರ್ಷದ ಹಿಂದಿನ ಪುಟ, ನನ್ನದೇ ಕೈ:
'ಇವತ್ತು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆವು.
ಯಾಕೆ ಅಂತ ನಾಳೆ ಬರೀತೀನಿ, ಬಸ್ ಹೊರಡ್ತು.'
ಆತುರಾತುರವಾಗಿ ನಾಳೆಯ ಪುಟ ತಿರುವಿದೆ:
'ಟೊಮೆಟೊ ಎಂಬತ್ತು. ಮಂಡಿ ನೋವು.'
ಅದರ ನಾಳೆ ಖಾಲಿ.

ಮುನಿನಾರಾಯಣಪ್ಪನವರಿಗೆ ಓದಿ ಹೇಳಿದೆ.
ಸ್ಟೇರಿಂಗ್ ಮೇಲೆ ಗದ್ದ ಊರಿ ಯೋಚಿಸಿದರು.
'ಟೊಮೆಟೊ ಎಂಬತ್ತಾಗಿದ್ದು ನೆನಪಿದೆ' ಅಂದರು.
ಅಷ್ಟಕ್ಕೇ ನನಗೆ ನಗು, ನನ್ನ ನೋಡಿ ಅವರಿಗೆ.
ಹತ್ತಲು ಬಂದವರು ಮೆಟ್ಟಿಲ ಮೇಲೇ ನಿಂತು
ಮುಖ ಮುಖ ನೋಡಿಕೊಂಡರು.

ಆ ದಿನ ಫಿಲೋಮಿನಾ ಜೊತೆಯಲ್ಲಿದ್ದಳೋ ಏನೋ.
ಕೇಳಿ ಬರೆದೆ. ಅಂಟು ನೆಕ್ಕಿ ಮಡಚಿ
ಯಲಹಂಕದ ಕೆಂಪು ಡಬ್ಬಕ್ಕೆ ಹಾಕಿ ಸೀಟಿ ಊದಿದೆ.
ಹೋಗಲಿಕ್ಕೆ ನಾಲ್ಕು ದಿನ,
ಬರಲಿಕ್ಕೆ ನಾಲ್ಕು.