ಎಳೆತದ ಅಳತೆ

ಮೂರು ಅಂಗಡಿ ತಿರುಗಿ ನನ್ನಲ್ಲಿಗೆ ಬಂದಿದ್ದರು
ತಾಯಿ ಮಗಳು, ಜುಲೈ ಚಳಿಯ ಒಂದು ಸಂಜೆ.
ವಾಂಗನೂಯಿ ಹೊಳೆಯ ಮಂಜು ಆಗಲೇ ಬೀದಿಗೆ ಏರಿತ್ತು.
ಹುಡುಗಿಯ ಕೂದಲು ಒದ್ದೆ,
ಬೂಟಿನ ತುಂಬ ದೋಣಿಕಟ್ಟೆಯ ಕೆಸರು.
"ಈ ಶನಿವಾರ ಬಿಟ್ಟು ಮುಂದಿನ ಶನಿವಾರ ಶಾಲೆಯ ಬಾಲ್,"
ಅಂದಳು ರೊವೀನಾ, ಸಾಲ ಕೇಳುವವರ ದನಿಯಲ್ಲಿ.
"ಇವಳದ್ದು ಸ್ವಲ್ಪ… ಹೆಗಲು."

ಮೊದಲ ಅಂಗಡಿಯಲ್ಲಿ ಜಿಪ್ಪು ಅರ್ಧಕ್ಕೆ ನಿಂತಿತಂತೆ.
ಎರಡನೆಯದರಲ್ಲಿ, ಕಪ್ಪು ತೊಡಿಸಿ,
ಕಪ್ಪಿನಲ್ಲಿ ಎಲ್ಲ ಅಡಗುತ್ತೆ ಅಂದರಂತೆ.
ಮೂರನೆಯವಳು ಪುಣ್ಯಾತ್ಗಿತ್ತಿ, ಬೂದು ಶಾಲೊಂದನ್ನು
ಕಟ್ಟಿಕೊಟ್ಟಿದ್ದಳು, ಹೊದ್ದರೆ ಗೊತ್ತಾಗಲ್ಲ ಅಂತ.
ಏನು ಗೊತ್ತಾಗಬಾರದು?
ಹುಡುಗಿ ನನ್ನ ಗುಂಡಿ ಡಬ್ಬಿಯನ್ನೇ ನೋಡುತ್ತಿದ್ದಳು.
ಹೆಸರು ಕೇಳಿದರೆ ಗುಂಡಿಗಳಿಗೆ ಹೇಳಿದಳು: ಹಿನೆವಾಯ್.

ಹಸಿರು ಸ್ಯಾಟಿನ್ ಬಿಚ್ಚಿ, ಮುಟ್ಟಿ ನೋಡು ಅಂದೆ.
ಮುಟ್ಟಿದಳು. ಚರ್ ಅಂದಿತು.
ಅಂಗೈಯ ಜಡ್ಡಿಗೆ ಎಳೆ ಸಿಕ್ಕಿ
ಬಟ್ಟೆಯ ಮೇಲೆ ಉದ್ದಕ್ಕೆ ಒಂದು ಗೀರು.
ಕೈ ಹಿಂದೆ ಕಟ್ಟಿಕೊಂಡಳು, ಕದ್ದು ಸಿಕ್ಕವಳ ಹಾಗೆ.
ನನಗೋ ನನ್ನ ಮೇಲೇ ಸಿಟ್ಟು:
ಮೂವತ್ತೊಂದು ವರ್ಷದಿಂದ ಟೇಪು ಕೊರಳಲ್ಲಿದೆ,
ಮೊದಲು ಕೈ ನೋಡಬೇಕಿತ್ತು.

ಸರಿ, ಸ್ಯಾಟಿನ್ ಬೇಡ. ಉಣ್ಣೆಯ ಕ್ರೇಪ್ ಇದೆ,
ಬೀಳು ಚೆನ್ನ, ಜಡ್ಡಿಗೆ ಹೆದರಲ್ಲ.
"ನೇವಿ ಬಣ್ಣ," ಅಂದಳು ತಾಯಿ.
"ಸಾಸಿವೆ ಬಣ್ಣ," ಅಂದಳು ಮಗಳು,
ಮೊದಲ ಸಲ ನನ್ನ ಕಡೆ ತಿರುಗಿ.

ಅಳತೆಗೆ ಎಲ್ಲರೂ ನಿಲ್ಲುವ ಹಾಗೆ ನಿಂತಳು,
ಕೈ ಇಳಿಬಿಟ್ಟು, ಉಸಿರು ಒಳಗೆಳೆದು.
ಉಸಿರು ಬಿಡು ಅಂದೆ. ಕೂತುಕೋ.
ಆ ಸ್ಟೂಲೇ ದೋಣಿ. ಹುಟ್ಟು ಹಾಕು.
ನಕ್ಕಳು. ಆಮೇಲೆ ನಗು ನಿಲ್ಲಿಸಿ ಹಾಕಿದಳು.
ಮುಂದಕ್ಕೆ ಬಾಗಿ, ಇಲ್ಲದ ನೀರನ್ನು ಹಿಡಿದಾಗ
ಬೆನ್ನು ಎರಡು ಬಾಗಿಲಾಗಿ ತೆರೆಯಿತು.
ಟೇಪಿನಲ್ಲಿ ಎರಡೂವರೆ ಇಂಚು ಹೆಚ್ಚು.
ಆ ಎರಡೂವರೆ ಇಂಚಿಗೇ ಮೂರು ಅಂಗಡಿ ಸೋತದ್ದು;
ನಿಂತೇ ಇರುವ ಹುಡುಗಿಗೆ ಕತ್ತರಿಸುತ್ತಾರೆ ಎಲ್ಲರೂ.
ಕುಣಿಯುವವಳಿಗೆ?
ದೂರದ ಗೆಳತಿಯನ್ನು ಕೈಯೆತ್ತಿ ಕರೆಯುವವಳಿಗೆ?

ಪಟ್ಟಿಯನ್ನು ಕೊರಳ ಹತ್ತಿರಕ್ಕೆ ತಂದೆ,
ಬೆನ್ನನ್ನು ನಡುವಿನ ತನಕ ತೆರೆದೇ ಬಿಟ್ಟೆ,
ತೊಡೆಗೆ ಹಿಡಿಯದಂತೆ ಲಂಗವನ್ನು ಓರೆಗೆ ಕತ್ತರಿಸಿದೆ.
ಎರಡನೇ ಸಲ ಬಂದಾಗ, "ಒಂದು ಜೇಬು," ಅಂದಳು.
ಯಾಕೆ? ಅಂಗೈ ಪಟ್ಟಿಗಂತೆ,
ಮರುದಿನ ಬೆಳಿಗ್ಗೆ ಆರಕ್ಕೇ ದೋಣಿ ಇಳಿಯುತ್ತದಂತೆ.
ಜೇಬಿಟ್ಟೆ. ಹೊಲಿಗೆಯ ಸಾಲಿನಲ್ಲಿ, ಕಾಣದ ಹಾಗೆ.

ಕೊನೆಯ ಸಲ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು.
ಚೆನ್ನಾಗಿದೆ ಅನ್ನಲಿಲ್ಲ. ಇಲ್ಲವೆಂದೂ ಅನ್ನಲಿಲ್ಲ.
ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.
ಹೊಲಿಗೆ ಚಕಾರ ಎತ್ತಲಿಲ್ಲ.

"ಎಲ್ಲಿಂದ ಬಂತೋ ಇವಳಿಗೆ ಈ ಹೆಗಲು,"
ರೊವೀನಾ ಗೊಣಗಿದಳು, ಪರ್ಸು ತಡಕಾಡುತ್ತ.
"ಹುಟ್ಟಿನಿಂದ," ಅಂದೆ, ಬಿಲ್ಲು ಬರೆಯುತ್ತ.

ಹೊರಗೆ ಕೊರೆಯುತ್ತಿತ್ತು.
ಆ ಬೂದು ಶಾಲನ್ನು ಕಟ್ಟು ಬಿಚ್ಚಿ
ತಾಯಿಯೇ ಹೊದ್ದಳು.
ಈ ಕಡೆ ಎಳೆದಳು, ಆ ಕಡೆ ಎಳೆದಳು,
ಅದು ಅವಳಿಗೂ ಸಾಲಲಿಲ್ಲ.