ಒಂದೇ ಸವಾರಿ

ಕುರುಗೋಡು ರಸ್ತೆಯ ಏಳನೇ ಶೆಡ್ಡು. ಬೆಳಗಿನ ಐದಕ್ಕೂ
ಬಳ್ಳಾರಿಯ ಬಂಡೆಗಳು ನಿನ್ನೆಯ ಬಿಸಿಲನ್ನು ಇನ್ನೂ ಕಕ್ಕುತ್ತಿವೆ.
ಐಸಿನ ಡಬ್ಬಿಯಿಂದ ಒಂದು ಶೀಷೆ ತೆಗೆದು
ಅಂಗೈಯೊಳಗೆ ಹೊರಳಿಸುತ್ತೇನೆ.
ಕುಲುಕಬಾರದು.

ಇದರೊಳಗೆ ಕುದುರೆಯ ವೈರಸ್ಸು ಅಂತಾರೆ ಡಾಕ್ಟರ್ ವನಜಾಕ್ಷಿ.
ಹಲ್ಲು ಕಿತ್ತದ್ದು. ಮರಿ ಹಾಕುವ ವಿದ್ಯೆಯನ್ನೇ ಕತ್ತರಿಸಿ ತೆಗೆದು
ಆ ಜಾಗದಲ್ಲಿ ಒಂದು ಓಲೆ ಇಟ್ಟಿದ್ದಾರೆ:
ಆರ್‌ಎನ್‌ಎ, ನಾಲ್ಕೇ ಅಕ್ಷರದ ಲಿಪಿ,
ಹಕ್ಕಿಜ್ವರದ ಮೈಮೇಲಿನ ಒಂದು ಮುಳ್ಳಿನ ವರ್ಣನೆ ಅಷ್ಟೇ,
ಜ್ವರವಲ್ಲ.
ಕೋಳಿಯ ಒಂದು ಜೀವಕೋಶದ ಬಾಗಿಲಿಗೆ ಹೋಗುತ್ತದೆ, ಓಲೆ ಕೊಡುತ್ತದೆ,
ಅಲ್ಲೇ ಮುಗಿಯುತ್ತದೆ. ಮುಂದಿನ ಮನೆಗೆ ದಾರಿಯಿಲ್ಲ.

ನಮ್ಮಜ್ಜ ಮೈಬೂಸಾಬ ಕೌಲ್ ಬಜಾರಿನ ಜಟಕಾದವನು.
ರಾತ್ರಿ ರೊಟ್ಟಿ ಮುರಿಯುತ್ತ ಇದನ್ನು ಹೇಳಿದೆ.
ಅಗಿಯುವುದು ನಿಲ್ಲಿಸಿದ.
ಸ್ಟೇಷನ್ನಿಂದ ಕೋಟೆ ತನಕ ಹನ್ನೊಂದು ವರ್ಷ ಎಳೆದ ಬಿಜಲಿ
ಕಡೆಗೆ ತಲೆಗೆ ಜ್ವರ ಏರಿ
ಗೂಟದ ಸುತ್ತ ತಿರುಗಿ ತಿರುಗಿ ಬಿದ್ದಿತ್ತು.
"ಅದರ ಬ್ಯಾನಿ ಏನಿದು?"
ಅಲ್ಲವಂತೆ. ಸಮುದ್ರದಾಚೆಯ ಕುದುರೆಗಳದಂತೆ. ಕೇಳಿಯೇ ಬಂದಿದ್ದೆ.
"ಇರಲಿ ಬಿಡು. ಕುದುರಿ ಕುದುರೀನೇ."

ಹೋದ ಚಳಿಗಾಲ ಇದೇ ಶೆಡ್ಡಿನ ಹಿಂದೆ ಜೆಸಿಬಿ ತೋಡಿದ ಗುಂಡಿ.
ಬಿಳೀ ಅಂಗಿ ತೊಟ್ಟು ಒಂದೊಂದಾಗಿ ಹಿಡಿದುಕೊಟ್ಟೆ.
ಎಣಿಸಬೇಡ ಅಂದಿದ್ದರು,
ಎಣಿಸಿದೆ. ಎರಡು ಸಾವಿರದ ಹತ್ತಿರ ಲೆಕ್ಕ ತಪ್ಪಿತು.
ಸುಣ್ಣದ ಮೇಲೆ ಒಂದು ಮೊಟ್ಟೆ, ಬೆಚ್ಚಗೆ.

ಈ ಸಲ ಪ್ರಯೋಗಕ್ಕೆ ಇನ್ನೂರು ಕೋಳಿ.
ನೂರಕ್ಕೆ ಓಲೆ, ನೂರಕ್ಕೆ ಬರೀ ಉಪ್ಪುನೀರು.
ಶೀಷೆಗಳ ಮೇಲೆ ಅಂಕಿ ಮಾತ್ರ; ಯಾವುದು ಯಾವುದೆಂದು
ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.
ಹಸಿರುಂಗುರದ ಕಾಲು. ಹಳದಿಯುಂಗುರದ ಕಾಲು.
ಎದೆಯ ಮಾಂಸ ಬೆರಳಲ್ಲಿ ಹಿಡಿದು ಸೂಜಿ ಇಳಿಸುವಾಗ
ಎಲ್ಲವೂ ಒಂದೇ ಥರ ಕಣ್ಣು ಮುಚ್ಚುತ್ತವೆ,
ಕೆಳಗಿನಿಂದ ಮೇಲಕ್ಕೆ.

ಅದಾಗಿ ಇಪ್ಪತ್ತೊಂದನೆಯ ದಿನ
ರೆಕ್ಕೆಯಡಿಯ ನರದಿಂದ ಒಂದಿಷ್ಟು ರಕ್ತ ತೆಗೆದೆವು.
ಮಾರೋಲೆ ಇದ್ದರೆ ಅದರಲ್ಲೇ ಇದೆ.
ಓದುವವರು ಬೆಂಗಳೂರಲ್ಲಿ. ಡಬ್ಬಿ
ರಾತ್ರಿ ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ ಕೂತು ಹೋಯಿತು.

ಮನೆಗೆ ಬಂದೆ, ಮೈಯೆಲ್ಲ ಫಿನಾಯಿಲಿನ ವಾಸನೆ.
ಅಜ್ಜ ಹೊಸ್ತಿಲಲ್ಲೇ ಇದ್ದಾನೆ. ಕೈಯಲ್ಲಿ ಲಗಾಮಿಲ್ಲ,
ಹಿಡಿದ ಹಾಗಿದೆ.
"ಸವಾರಿ ಇಳೀತೇನವ್ವಾ?"
"ಇನ್ನೂ ಗೊತ್ತಿಲ್ಲಜ್ಜ."
"ಬಾಡಿಗಿ?"