ಓ ಅನ್ನುವುದು

ಬೇಲಿಗೂಟಕ್ಕೆ ಕಟ್ಟಿದ ಬಿಳಿ ಪೈಪಿನೊಳಗೆ
ಮುಷ್ಟಿಯಷ್ಟೂ ಇಲ್ಲದ ಗಿಳಿಯ ಏಳು ಮೊಟ್ಟೆ.
ದಿನ ಬಿಟ್ಟು ದಿನ ಒಂದೊಂದೇ ಒಡೆದು
ಮೊದಲನೆಯದಕ್ಕೆ ರೆಕ್ಕೆಯ ಮುಳ್ಳು ಮೂಡುವಾಗ
ಕೊನೆಯದು ಇನ್ನೂ
ನೆನೆಸಿಟ್ಟ ಹೆಸರುಕಾಳು, ಕಣ್ಣು ಬಿಡದ್ದು.

ಅಪೂರೆ ನದಿಯ ಬಯಲಲ್ಲಿ ನನಗೆ ಎರಡು ತಿಂಗಳ ಕೂಲಿ:
ಏಣಿ ಹತ್ತು, ಕನ್ನಡಿ ಇಳಿಬಿಡು, ಎಣಿಸು,
ಮರಿಯ ಕಾಲುಗುರಿಗೆ ಬಣ್ಣದ ಗುರುತು ಹಚ್ಚು.
ಆರಕ್ಕೇ ಶೀಶೆಗಳು ಮುಗಿದವು.
ಉಳಿದದ್ದಕ್ಕೆ ಪಟ್ಟಿಯಲ್ಲಿ
ಬರಿಯ ‘ಏಳು’ ಎಂದು ಬರೆದೆ.

ಗಂಡು ಹುಲ್ಲಿನ ಬೀಜ ಗಂಟಲುಮಟ್ಟ ತುಂಬಿ ತಂದು
ಬಾಯಿ ದೊಡ್ಡದಿದ್ದವಕ್ಕೆ ಹಂಚಿ ಹಾರಿತು.
ಅಪ್ಪಂದಿರ ಲೆಕ್ಕ ಅಷ್ಟೆ.
ಹೆಣ್ಣು ಮಾತ್ರ ದೊಡ್ಡವರ ತಲೆ ತುಳಿದುಕೊಂಡೇ ಇಳಿದು
ತಳದ ಕತ್ತಲಲ್ಲಿ ಆ ಸಣ್ಣದರ ಕೊಕ್ಕು ಹುಡುಕಿ
ತನ್ನೊಳಗೆ ಮೆತ್ತಗಾದದ್ದನ್ನು ಕಕ್ಕಿತು.
ಕಕ್ಕುವುದಕ್ಕೂ ಕಕ್ಕುಲಾತಿಗೂ ಆ ಪೈಪಿನೊಳಗೆ
ಎಡೆ ಇರಲಿಲ್ಲ.

ಜೊತೆಗೆ ಒಂದು ಸದ್ದನ್ನೂ ಕೊಟ್ಟಿತು,
ರೆಪ್ಪೆ ಬಡಿಯುವಷ್ಟು ಚಿಕ್ಕದು.
ಪ್ರತಿ ಮರಿಗೂ ಬೇರೆ ಬೇರೆ.
ದನಿ ಹಿಡಿಯಲು ಬಂದ ಪೆಟ್ರೊನಿಲಾ
ಕಿವಿಯ ಯಂತ್ರ ತೆಗೆಯದೆಯೇ ಹೇಳಿದಳು:
‘ಹೆಸರು ಕಣೋ. ಹೆತ್ತವರು ಇಟ್ಟದ್ದು.
ಹಾರಿಹೋದ ಮೇಲೂ ಇದರಲ್ಲೇ ಕರೆಯುತ್ತವೆ.’
ಕೈಯಲ್ಲಿದ್ದ ಪಟ್ಟಿಯನ್ನು ಮಡಚಿ ಜೇಬಿಗೆ ತುರುಕಿದೆ.

ನಮ್ಮವ್ವ ಎಂದೂ ನೆಟ್ಟಗೆ ನನ್ನ ಹೆಸರಿಗೆ ಬಂದವಳಲ್ಲ.
ಎವೆಲಿಯೊ, ಟಾರ್ಸಿಸಿಯೊ, ಡೊಮಿಟಿಲಾ,
ನಡುವೆ ನಾಯಿಯ ಹೆಸರೂ ಒಂದು,
ಆಮೇಲೆ ರುಫಿನೊ,
ಅಲ್ಲೊಂದು ಗುಕ್ಕು ಉಸಿರು,
ಆಮೇಲೆ ನಾನು.
ರುಫಿನೊ ಹೊಳೆಗಿಳಿದು ಒಂಬತ್ತು ಮಳೆಗಾಲ.
ಕುದುರೆ ಈಜಿ ಬಂತು.

ತಿಂಗಳು ತುಂಬುತ್ತಲೇ ಒಂದೊಂದಾಗಿ ಹಾರಿದವು.
ಕೆಂಪು ಗುರುತಿನದು ಮೊದಲು,
ತಂತಿಯ ಮೇಲೆ ಕೂತ ತಾಯಿಯ ಕಡೆಗೆ, ಓಲಾಡಿಕೊಂಡು.
ಕೊನೆಯ ಬೆಳಗ್ಗೆ ಕನ್ನಡಿ ಇಳಿಬಿಟ್ಟರೆ ಪೈಪು ಖಾಲಿ.
ಹಾವೋ, ರೆಕ್ಕೆಯೋ ತಿಳಿಯಲಿಲ್ಲ.
ತಂತಿಯ ಮೇಲಿನದು ಕರೆಯುತ್ತಲೇ ಇತ್ತು.
ಆರರಲ್ಲಿ ಯಾವುದನ್ನೋ, ಏಳನೆಯದನ್ನೋ?
ತಿಂಗಳಿಡೀ ಕೇಳಿಯೂ
ನನಗೆ ಒಂದು ಹೆಸರೂ ಬಾಯಿಗೆ ಬಂದಿರಲಿಲ್ಲ.

ಆ ಸಂಜೆ ಅವ್ವ ಒಲೆಯ ಮುಂದಿನಿಂದ ಕರೆದಳು.
ಎವೆಲಿಯೊ, ಟಾರ್ಸಿಸಿಯೊ, ಡೊಮಿಟಿಲಾ, ನಾಯಿ,
ರುಫಿನೊ.
ಅಲ್ಲಿಗೇ ನಿಂತಳು.
ನಾನು ಕಾದೆ. ಹೊಗೆ ಸೂರಿನತ್ತ ಏರಿತು.

ಓ, ಅಂದೆ.

ಉಪ್ಪು ತಾ, ಅಂದಳು.